ಮಂಚದ ಕೆಳಗಿನ ಸ್ವಿಚ್ಚು

ಕೀಲಿ ತಿರುಗಿಸಿದರೆ ಸದ್ದೇ ಇಲ್ಲ. "ನೋಡಿದ್ರಾ, ಹೊರಡೋ ಹೊತ್ತಿಗೇ ಕೈಕೊಡುತ್ತೆ!" ಎಂದು ಗಂಡ ಸ್ಟಿಯರಿಂಗ್ ಹಿಡಿದೇ ರೇಗಿದ. ಮಂಚ, ಒಲೆ, ಸಿಂಕು ಎಲ್ಲ ಒಳಗೇ ಇರುವ ಆ ಮುದಿ ವ್ಯಾನು ಹೆಂಡತಿಯ ತಂಗಿಯ ಮನೆಯ ಮುಂದೆ ನಿಂತಿತ್ತು.

"ಎಲ್ಲೆಲ್ಲಿ ಹೀಗಾಗುತ್ತೆ ಸಾರ್?" ರಿಪೇರಿಗೆ ಕರೆಸಿದ್ದ ಮೆಕ್ಯಾನಿಕ್ ಕೇಳಿದ.

"ಕೆರೆ ದಂಡೇಲಿ ಆಯ್ತು. ಇಲ್ಲಂತೂ ಬಂದಾಗಲೆಲ್ಲ ಆಗುತ್ತೆ. ನಮ್ಮಣ್ಣನ ಮನೇಲಿ ಮಾತ್ರ ಒಂದ್ಸಲಾನೂ ಇಲ್ಲ. ಈ ಸಲ ಸರಿಹೋಗ್ಲಿಲ್ಲ ಅಂದ್ರೆ ಗುಜರಿಗೆ ಹಾಕ್ತೀನಿ."

ಮೆಕ್ಯಾನಿಕ್ ಮಂಚದ ಕೆಳಗೆ ಬಗ್ಗಿ ಟಾರ್ಚ್ ಬಿಟ್ಟ. ಬ್ಯಾಟರಿಯ ಮೇಲೆ, ವೈರುಗಳ ಮೇಲೆ ಬೆರಳು ದಪ್ಪ ಧೂಳು ಕೂತಿತ್ತು. ಬ್ಯಾಟರಿಯ ಸಂಪರ್ಕ ತಪ್ಪಿಸುವ ಕೆಂಪು ಸ್ವಿಚ್ಚು ಮಾತ್ರ ತೊಳೆದಿಟ್ಟ ಹಾಗೆ ಹೊಳೆಯುತ್ತಿತ್ತು. ಅದು ಆಫ್ ಆಗಿತ್ತು. ಅವನು ತಲೆಯೆತ್ತಿದ. ಮಂಚದ ಮೇಲೆ ಕೂತಿದ್ದ ಹೆಂಡತಿ ದನಿ ತಗ್ಗಿಸಿ, "ಎಲ್ಲೂ ಕಾಲೂರೋಕೆ ಬಿಡಲ್ಲಪ್ಪ ಇವರು. ಎರಡು ದಿನ ಇರೋಣ ಅಂದ್ರೆ ಕಿವಿಗೇ ಹಾಕ್ಕೊಳ್ಳಲ್ಲ," ಎಂದಳು.

"ಏನಾಗಿದೆಯಂತೆ?" ಮುಂದಿನ ಸೀಟಿನಿಂದ ಗಂಡ ಕೂಗಿದ.

"ವೈರ್ ಹೋಗಿದೆ ಸಾರ್. ಹೊಸದು ತರಿಸೋಕೆ ಎರಡು ದಿನ ಬೇಕು," ಎಂದ ಮೆಕ್ಯಾನಿಕ್, ಬ್ಯಾಟರಿಯ ಮೇಲಿನ ಧೂಳನ್ನು ಬೆರಳಲ್ಲಿ ತೆಗೆದು ಸ್ವಿಚ್ಚಿನ ತುಂಬ ಸವರಿದ.