ಅಪ್ಪ ಫ್ಲೋರೆಸ್‌ಗೆ ಹೊರಟದ್ದು

ಹೊಸ ಸೂಟ್‌ಕೇಸಿನ ವಾಸನೆ ಬಂದರೆ ಈಗಲೂ ನನಗೆ ಕ್ವೀನ್ಸ್‌ಬರಿಯ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಮಾಯಾ ಜನರ ಹಳೆಯ ದೇಗುಲಗಳನ್ನು ನೋಡಲು ಗ್ವಾಟೆಮಾಲಾಕ್ಕೆ ಹೋಗಿದ್ದ ಚಿಕ್ಕಪ್ಪ, ಅಲ್ಲಿನ ಫ್ಲೋರೆಸ್ ಎಂಬ ದ್ವೀಪದೂರಿನ ಸರೋವರದಲ್ಲಿ ಮುಳುಗಿ ತೀರಿಕೊಂಡಿದ್ದರು. ಅಜ್ಜಿಗೆ ಮಾತ್ರ, ಮಗನಿಗೆ ಜೋರು ಜ್ವರ ಎಂದು ಹೇಳಿದ್ದರು.

"ರಾಜಧಾನಿಯಲ್ಲಿ ಇಳಿದು ಬಸ್ ಹತ್ತಬೇಡ ಕಣೋ, ಇಡೀ ರಾತ್ರಿ ಹಿಡಿಯುತ್ತಂತೆ. ಸಣ್ಣ ವಿಮಾನದಲ್ಲಿ ಹೋಗು. ಅವನು ಕಾಯ್ತಿರ್ತಾನೆ," ಎಂದರು ಅಜ್ಜಿ.

"ಹೂಂ ಅಮ್ಮ," ಎಂದರು ಅಪ್ಪ.

ಬಾಗಿಲಲ್ಲಿ ಅಜ್ಜಿ ದೇವರ ಕುಂಕುಮ ಹಚ್ಚಲು ಬೆರಳು ಚಾಚಿದರು. ಸೂತಕದಲ್ಲಿ ಕುಂಕುಮ ಇಡುವಂತಿಲ್ಲ. ಅಪ್ಪ ತಮಗರಿವಿಲ್ಲದೆಯೇ ಹಿಂದೆ ಸರಿದರು. ಸಾವನ್ನು ಮುಚ್ಚಿಡುವವರು ಇಂಥದ್ದನ್ನೆಲ್ಲ ಮೊದಲೇ ಯೋಚಿಸಿಟ್ಟುಕೊಳ್ಳಬೇಕು.

ಅಜ್ಜಿ ನಿಧಾನವಾಗಿ ಬೆರಳನ್ನು ಸೆರಗಿಗೆ ಒರೆಸಿಕೊಂಡರು.

"ಅವನನ್ನ ಅಲ್ಲಿ ಮಣ್ಣು ಮಾಡೋಕೆ ಬಿಡಬೇಡ," ಅಂದರು. "ಕರ್ಕೊಂಡು ಬಾ."