ಹೆಬ್ಬೆರಳಿನ ಎಣಿಕೆ

ರಾಸ್ನಾದಿ ಪುಡಿಯ ವಾಸನೆ ಬಂದರೆ ಈಗಲೂ ನನ್ನ ಮೂರು ಬೆರಳು ತಾವಾಗಿಯೇ ಎಡ ಮಣಿಕಟ್ಟಿನ ಮೇಲೆ ಹೋಗಿ ಕೂರುತ್ತವೆ.

ನಾನು ಚಿಕ್ಕವಳಿದ್ದಾಗ, ಮಲಯಾಳ ನಾಡಿನ ಉಳ್ಳೂರಿನ ನಮ್ಮ ಬಾಡಿಗೆ ಮನೆಯಲ್ಲಿ ಅಜ್ಜಿ ಜ್ವರ ಬಿಟ್ಟ ಮೇಲೂ ಸುಸ್ತಾಗಿ ಮಲಗಿದ್ದರು. ಪಕ್ಕದ ಮನೆಯ ನರ್ಸ್ ಚೇಚಿ, ಅಂದರೆ ಅಕ್ಕ, ಬೆಳಿಗ್ಗೆ ಅವರ ನೆತ್ತಿಗೆ ಆ ಮದ್ದಿನ ಪುಡಿ ತಿಕ್ಕಿ, ನನಗೆ ನಾಡಿ ಹಿಡಿಯುವುದನ್ನು ತೋರಿಸಿ, ಮಧ್ಯಾಹ್ನ ಒಮ್ಮೆ ಎಣಿಸಿಡಲು ಹೇಳಿ ಡ್ಯೂಟಿಗೆ ಹೋಗಿದ್ದರು.

ಅಜ್ಜಿಯ ಮಣಿಕಟ್ಟಿನ ಚರ್ಮ ಒಗೆದೊಗೆದು ಮೆತ್ತಗಾದ ಸೀರೆಯ ಹಾಗಿತ್ತು. ಹೆಬ್ಬೆರಳು ಒತ್ತಿ, ಅಪ್ಪನ ಗಡಿಯಾರ ನೋಡುತ್ತಾ ಒಂದು ನಿಮಿಷ ಎಣಿಸಿದೆ. ನೂರಹತ್ತು! ಹೆದರಿ ಮತ್ತೆ ಎಣಿಸಿದರೆ ಇನ್ನೂ ಹೆಚ್ಚು. ಅಳುತ್ತಾ ಓಡಿ, ಡ್ಯೂಟಿ ಮುಗಿಸಿ ಆಗಷ್ಟೇ ಬಸ್ಸಿಳಿದಿದ್ದ ಚೇಚಿಯನ್ನು ಎಳೆದು ತಂದೆ.

ಚೇಚಿ ಮೂರು ಬೆರಳನ್ನು ಹಗುರವಾಗಿಟ್ಟು ಎಣಿಸಿದರು. ಎಪ್ಪತ್ತಾರು. ಆಮೇಲೆ ನಗುತ್ತಾ ಮಲಯಾಳದಲ್ಲಿ ಹೇಳಿದರು: "ಹೆಬ್ಬೆರಳಲ್ಲಿ ನಮ್ಮದೇ ನಾಡಿ ಬಡಿಯುತ್ತೆ ಮೋಳೇ. ನೀನು ಎಣಿಸಿದ್ದು ನಿನ್ನದನ್ನೇ."

ಅಜ್ಜಿಗೆ ಮಲಯಾಳ ಬಾರದು. ನನ್ನ ತಪ್ಪನ್ನು ನಾನೇ ಕನ್ನಡದಲ್ಲಿ ಹೇಳಬೇಕಾಯಿತು.

"ಹಾಗಾದ್ರೆ ನಂದು ನೆಟ್ಟಗಿದೆ. ನಿಂದೇ ಕಣೇ ಜೋರಾಗಿರೋದು, ಬಾ ಇಲ್ಲಿ," ಎಂದು ಅಜ್ಜಿ ನನ್ನ ಮಣಿಕಟ್ಟು ಹಿಡಿದುಕೊಂಡರು. ಅವರಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ಆದರೂ ನನ್ನ ನಾಡಿ ನಿಧಾನವಾಗುವವರೆಗೂ ಕೈ ಬಿಡಲಿಲ್ಲ.