ಕಹಿ ಅಂಬಲಿ

ಸೀಮಾ ಒಮ್ಮೆ ಹಿಂದೆ ತಿರುಗಿ ನೋಡಿದಳು. ಅಡುಗೆಮನೆಯ ಬಾಗಿಲಲ್ಲಿ ಯಾರೂ ಇರಲಿಲ್ಲ. ಚೀಲದಿಂದ ಪುಟ್ಟ ಸೀಸೆ ತೆಗೆದು ಅಪ್ಪನ ಅಂಬಲಿ ಬಟ್ಟಲಿಗೆ ಒಂದಿಷ್ಟು ಸುರಿದಳು. ಮೇಲೆ ಮಜ್ಜಿಗೆ ಹೊಯ್ದು, ಉಪ್ಪು, ಜೀರಿಗೆ ಹಾಕಿ ಕದಡಿದಳು. ಕಹಿ ಅಡಗಬೇಕಲ್ಲ.

ಸೀಸೆ ಕದ್ದದ್ದು. ಕಲಬುರಗಿಯ ಔಷಧ ಸಂಶೋಧನೆಯ ಪ್ರಯೋಗಾಲಯದಲ್ಲಿ ಅವಳು ಪಿಎಚ್.ಡಿ. ಮಾಡುತ್ತಿದ್ದಳು, ಆಳಂದದಿಂದ ದಿನಾ ಬಸ್ಸಿನ ಓಡಾಟ. ಕೆಲಸ ಇಲಿಗಳ ಜೊತೆ. ಮೊದಲು ಸೂಜಿ ಚುಚ್ಚಿ ಅವುಗಳ ನರ ಕೆಡಿಸಬೇಕು. ಕಾಲು ಸೆಟೆದು ನಡುಗುವ ಆ ಬಡಪಾಯಿಗಳ ಗಂಟಲಿಗೆ ನಳಿಕೆಯಲ್ಲಿ ಒಂದು ಬೇರಿನ ಸಾರ ಬಿಡಬೇಕು. ಆಮೇಲೆ ತಿರುಗುವ ಸರಳಿನ ಮೇಲೆ ಹತ್ತಿಸಿ, ಯಾವುದು ಬೀಳುತ್ತದೆ, ಯಾವುದು ನಿಲ್ಲುತ್ತದೆ ಎಂದು ನೋಡಬೇಕು. ಇರುವೆಯನ್ನೂ ತುಳಿಯದ ಮನೆಯ ಹುಡುಗಿಗೆ ಮೊದಮೊದಲು ಊಟ ಸೇರುತ್ತಿರಲಿಲ್ಲ. ಈಗ ಸೇರುತ್ತಿತ್ತು. ಅದೇ ಅವಳಿಗೆ ಹೆಚ್ಚು ನಾಚಿಕೆ.

ಸಾರ ಕುಡಿದ ಇಲಿಗಳು ಬೀಳಲಿಲ್ಲ.

ಇತ್ತ ಮನೆಯಲ್ಲಿ ಅಪ್ಪ ದೌಲತರಾಯರ ಕೈಗಳು ನಡುಗುತ್ತಿದ್ದವು. ತೊಗರಿ ವ್ಯಾಪಾರ ಬಿಟ್ಟಾಗ ಅವರು ಕೊರಗಲಿಲ್ಲ. ಡಾಕ್ಟರ ಗುಳಿಗೆ ನಾಟಲಿಲ್ಲವೆಂದೂ ಕೊರಗಲಿಲ್ಲ. ಆದರೆ ಒಂದು ಮುಂಜಾನೆ ಪೂಜೆಗೆ ಕೂತಾಗ ಎಡ ಅಂಗೈಯ ಮೇಲಿನ ಇಷ್ಟಲಿಂಗ ಜಾರಿ ತೊಡೆಯ ಮೇಲೆ ಬಿತ್ತು. ಅವತ್ತು ಅವರು ಉಣ್ಣಲಿಲ್ಲ.

"ಕೈ ಹೋದ್ರ ಹೋಗ್ಲಿ ಮಗಳ. ಇದು ನೆಲಕ್ಕ ಬಿತ್ತಂದ್ರ ನಾ ಇರಂಗಿಲ್ಲ ನೋಡು" ಎಂದಿದ್ದರು.

ಸೀಮಾ ಕಳ್ಳಿಯಾದದ್ದು ಅವತ್ತೇ. ಕೇಳಿದ್ದರೆ ಅಪ್ಪ ಒಪ್ಪುತ್ತಿರಲಿಲ್ಲ. ಜೀವ ಹಿಂಸಿಸಿ ಕಂಡುಕೊಂಡ ಔಷಧವನ್ನು ಅವರು ಮುಟ್ಟುವವರೇ ಅಲ್ಲ. ಅದಕ್ಕೇ ಅಂಬಲಿಯ ಉಪಾಯ. ಪೂಜೆ ಮುಗಿಸಿ, ಲಿಂಗಕ್ಕೆ ಅರ್ಪಿಸಿ ಅವರು ಬಾಯಿಗಿಡುವ ಮೊದಲ ಆಹಾರ ಅದು. ಬಟ್ಟಲನ್ನು ದೇವರ ಕೋಣೆಯ ಹೊಸ್ತಿಲೊಳಗಿಟ್ಟು ಸೀಮಾ ಬಸ್ಸಿಗೆ ಓಡುತ್ತಿದ್ದಳು. ಬಟ್ಟಲಿಗೆ ನೀರು ಹಾಕಿ ತೊಳೆದು, ಆ ನೀರನ್ನೂ ಕುಡಿಯುವುದು ಆ ಮನೆಯ ಪದ್ಧತಿ. ಔಷಧ ಒಂದು ಹನಿಯೂ ದಂಡವಾಗುವುದಿಲ್ಲ ಎಂಬ ಸಮಾಧಾನ ಅವಳಿಗೆ.

ಒಂದು ಭಾನುವಾರ ದೇವರ ಕೋಣೆಯೊಳಗೆ ಇಣುಕಿದಳು. ಅಪ್ಪನ ಮಗ್ಗುಲಿಗೇ ಅವ್ವ ಗಂಗಾಬಾಯಿ ಕೂತಿದ್ದಳು. ಇಬ್ಬರ ಮಡಿಲ ಮೇಲೂ ಅಪ್ಪನ ಶಾಲು ಹರಡಿತ್ತು. ಅವ್ವನ ಭುಜದಾಚೆ ಅಪ್ಪನ ಅಂಗೈ ಕಂಡಿತು. ಲಿಂಗ ಅಲುಗುತ್ತಿರಲಿಲ್ಲ. ಸೀಮಾಳ ಕಣ್ಣು ತುಂಬಿ ಬಂತು.

"ಅಪ್ಪನ ಕೈ ಚಲೋ ಆಗ್ಯಾವಲ್ಲ, ಯವ್ವಾ" ಎಂದಳು ಆಮೇಲೆ.

"ಶಿವ ನಡೆಸಾಕತ್ತಾನ ತಗೋ" ಎಂದಳು ಗಂಗಾಬಾಯಿ, ಮಗಳ ಮುಖ ನೋಡದೆ.

ಅವ್ವ ಈಚೆಗೆ ಮೊದಲಿನಂತಿರಲಿಲ್ಲ. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಗೋಡೆಗೆ ಒರಗುತ್ತಿದ್ದಳು. ಒಗ್ಗರಣೆಯ ವಾಸನೆ ಬಡಿದರೆ ವಾಕರಿಕೆ. ಕೇಳಿದರೆ, ಬಿಸಿಲಿಗೆ ಪಿತ್ತ ಏರಿದೆ ಅನ್ನುತ್ತಿದ್ದಳು. ಸೀಮಾ ಲಿಂಬೆಹಣ್ಣು ತಂದುಕೊಟ್ಟು ಸುಮ್ಮನಾದಳು. ಅವಳ ಮನಸ್ಸೆಲ್ಲ ಅಪ್ಪನ ಕೈಯಲ್ಲಿತ್ತು.

ಆ ಭಾನುವಾರದ ಮರುದಿನ ಪ್ರಯೋಗಾಲಯದಲ್ಲಿ ಮಾರ್ಗದರ್ಶಕ ನಿಜಾಮುದ್ದೀನ ಸರ್, ಸಾರ ಕುಡಿದ ಇಲಿಗಳನ್ನು ಕೊಯ್ದು ನೋಡುತ್ತಿದ್ದರು.

"ಇಲ್ಲಿ ನೋಡ್ರಿ ಸೀಮಾ. ನರ ಸುಧಾರಿಸ್ಯಾವ, ಖರೆ. ಆದ್ರ ಯಕೃತ್ತು ಪೂರಾ ಹಾಳಾಗ್ಯಾದ. ಇನ್ನೊಂದಿಷ್ಟು ದಿನ ಕೊಟ್ಟಿದ್ರ ಒಂದೂ ಉಳೀತಿರಲಿಲ್ಲ. ಇದನ್ನ ಮನಷ್ಯಾರಿಗೆ ಕೊಡೋ ಮಾತ ಬಿಡ್ರಿ."

ಸೀಮಾ ಕೈಗವಸು ಕಳಚಿ ಎಸೆದಳು. ಏನೋ ನೆಪ ಹೇಳಿ ಹೊರಬಿದ್ದವಳು ಸಿಕ್ಕ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ತನ್ನನ್ನು ತಾನೇ ಶಪಿಸಿಕೊಂಡಳು. ಇಲಿಗೆ ಔಷಧ ಕೊಡಬೇಕಾದರೂ ಪ್ರಾಣಿ ಪ್ರಯೋಗದ ಸಮಿತಿಯ ಒಪ್ಪಿಗೆ ಬೇಕು. ಹೆತ್ತ ಅಪ್ಪನಿಗೆ ಕೊಡುವಾಗ ಯಾರನ್ನು ಕೇಳಿದ್ದಳು? ಇಲಿಗಿರುವ ಮರ್ಯಾದೆಯನ್ನೂ ಅವರಿಗೆ ಕೊಡಲಿಲ್ಲ. ಆಳಂದ ಇವತ್ತು ಎಂದೂ ಇಲ್ಲದಷ್ಟು ದೂರವಾಗಿತ್ತು.

ದೌಲತರಾಯರು ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರು. ಸೀಮಾ ಅವರ ಕಾಲು ಹಿಡಿದು ಎಲ್ಲವನ್ನೂ ಒದರಿಬಿಟ್ಟಳು. ಕದ್ದದ್ದು, ಕಲಸಿದ್ದು, ಇಲಿಗಳು, ಯಕೃತ್ತು, ಸಾವು.

"ದವಾಖಾನಿಗೆ ನಡಿ ಯಪ್ಪಾ, ಈಗಿಂದೀಗ ನಡಿ. ನಾ ನಿನ್ನ ಕೊಂದ್ನಿ."

ದೌಲತರಾಯರು ಅವಳ ಕಡೆ ಬಾಗಿದರು.

"ನಾ ಅದನ್ನ ಕುಡಿದಿಲ್ಲ."

"ಏನಂದಿ?"

"ಮೊದಲನೇ ದಿನ ಲಿಂಗಕ್ಕ ತೋರಿಸಿ ನಾಲಿಗಿಗೆ ಹಚ್ಚಿದ್ನಿ. ಬೇವಿನಂಥಾ ಕಹಿ. ಮಗಳು ಆಸೆ ಮಾಡಿ ಮಾಡ್ಯಾಳ, ಕಹಿ ಅಂದ್ರ ಬ್ಯಾಸರ ಮಾಡ್ಕೋತಾಳ ಅಂತ ಸುಮ್ಮನಿದ್ನಿ. ಆಮ್ಯಾಲ ಮುಟ್ಟೇ ಇಲ್ಲ."

"ಮತ್ತ ನಿನ್ನ ಕೈ?"

ಅವರು ಶಾಲಿನೊಳಗಿಂದ ಕೈ ಹೊರತೆಗೆದರು. ಅದು ಮೊದಲಿನ ಹಾಗೆಯೇ ನಡುಗುತ್ತಿತ್ತು. "ಪೂಜಾದಾಗ ನಿಮ್ಮವ್ವ ಕೆಳಗಿಂದ ಗಟ್ಟಿ ಹಿಡ್ಕೋತಾಳ. ಉಳಿದ ಹೊತ್ತು ಶಾಲಿನಾಗ ಮುಚ್ಚಿಡ್ತಿದ್ನಿ. ನೀ ಹೆದರ್ತಿ ಅಂತ ಹೇಳಿರಲಿಲ್ಲ."

ಹೋದ ಜೀವ ಬಂದಂತಾಯಿತು. ವಾಸಿಯಾಗದ ಆ ಕೈಯನ್ನು ಸೀಮಾ ಕಣ್ಣಿಗೊತ್ತಿಕೊಂಡಳು. ಅಳುತ್ತಳುತ್ತಲೇ ನಗು ಬಂತು. ಅಪ್ಪನ ಪಾಲಿಗೆ ಔಷಧವೂ ಇಲ್ಲ, ವಿಷವೂ ಇಲ್ಲ, ಬದುಕಿದೆ ಅಂದುಕೊಂಡಳು.

"ಚಲೋ ಮಾಡಿದಿ ಯಪ್ಪಾ. ದಿನಾ ಎಲ್ಲಿ ಚೆಲ್ಲತಿದ್ದಿ ಅದನ್ನ?"

ದೌಲತರಾಯರು ನಗಲಿಲ್ಲ. ಒಳಕೋಣೆಯ ಕಡೆ ಅವರ ಕಣ್ಣು ಹೋಯಿತು.

"ಲಿಂಗಕ್ಕ ಕೊಟ್ಟ ಪ್ರಸಾದ ಯಾರರ ಚೆಲ್ತಾರೇನ ಮಗಳ? ದಿನಾ ನಿಮ್ಮವ್ವ ಕುಡದಾಳ."